ಗಟ್ಟಿಮೇಳ ತಪ್ಪಿಸಿದ ಪುರಂದರ ಮಾಸ್ಟ್ರು

ಬದಿಯಡ್ಕದ ಲೋಕಯ್ಯನ ಸ್ಯಾಕ್ಸೋಫೋನ್ ಸೆಟ್ಟಿನಲ್ಲಿ ಒಂದು ಕ್ರಮ ಇತ್ತು. ಲೋಕಯ್ಯ ಯಾರಿಗೆ ಬೈಯುತ್ತಾನೋ ಅವನು ಸೆಟ್ಟಿನವನು. ಬೈಯುವುದು ನಿಂತಿತು ಅಂದರೆ ವಾದ್ಯವನ್ನು ಪೆಟ್ಟಿಗೆಗೆ ಹಾಕಿ ಮನೆಗೆ ಹೋಗಬಹುದು, ಇನ್ನು ಅವನಿಗೆ ಅಲ್ಲಿ ಜಾಗ ಇಲ್ಲ. ಡೋಲಿನವರಿಗೆ, ತಾಳದವರಿಗೆ, ಎಲ್ಲರಿಗೂ ಇದು ಗೊತ್ತಿತ್ತು. ಲೋಕಯ್ಯನ ಸ್ವಂತ ತಮ್ಮ ಪುರಂದರನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಬೈಗುಳ ಹೆಚ್ಚು ತಿಂದವನು ಅವನೇ.

ಆ ಪುರಂದರನಿಗೆ ಕಳೆದ ಮೇ ತಿಂಗಳಿಂದ ಅಣ್ಣ ಬೈಯುವುದನ್ನು ನಿಲ್ಲಿಸಿದ. ಮಾತು ಬಿಟ್ಟದ್ದಲ್ಲ. ಹೋದರೆ "ಊಟ ಆಯ್ತಾ", "ಬಸ್ಸು ಸಿಕ್ಕಿತಾ" ಎಂದು ಕೇಳುತ್ತಿದ್ದ, ದೂರದ ನೆಂಟರನ್ನು ಕೇಳುವ ಹಾಗೆ. ಅರುವತ್ತು ದಾಟಿದ ಮನುಷ್ಯ, ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಪಾಠ ಹೇಳಿ ರಿಟೈರ್ ಆದವನು, ಹೆಸರಿಗೆ ಮೊದಲು ಪ್ರೊಫೆಸರ್ ಡಾಕ್ಟರ್ ಎಂದು ಎರಡೆರಡು ಕೊಂಬು ಕಟ್ಟಿಕೊಂಡವನು, ಅಣ್ಣನ ಒಂದು ಬೈಗುಳಕ್ಕಾಗಿ ವಾರಕ್ಕೆ ಎರಡು ಸಲ ಸೀತಾಂಗೋಳಿಯಿಂದ ಬದಿಯಡ್ಕಕ್ಕೆ ಬಸ್ಸು ಹತ್ತುತ್ತಿದ್ದ. ಅದು ಸಿಗದೆ ಹಿಂದೆ ಬರುತ್ತಿದ್ದ.

ಅವರ ಅಪ್ಪ ದೇವಸ್ಥಾನದಲ್ಲಿ ನಾಗಸ್ವರ ಊದುತ್ತಿದ್ದವರು. ಮದುವೆಗೆ ಸ್ಯಾಕ್ಸೋಫೋನೇ ಬೇಕು ಎಂದು ಊರವರು ಕೇಳುವ ಕಾಲ ಬಂದಾಗ ಲೋಕಯ್ಯ ಮಂಗಳೂರಿನ ಒಬ್ಬ ಬ್ಯಾಂಡಿನವನಿಂದ ಹಳೆಯದೊಂದನ್ನು ತಂದ. ಹೊಳಪು ಹೋಗಿ ಹಿತ್ತಾಳೆ ಕಪ್ಪಾಗಿತ್ತು. ಎರಡು ಕೀಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿತ್ತು. ಅದರೊಳಗಿಂದ ಅಪ್ಪನ ನಾಗಸ್ವರದ ಎಳೆತ ತರಿಸಲಿಕ್ಕೆ ಎರಡು ವರ್ಷ ಹೆಣಗಿದ. ಆಮೇಲೆ ಇನ್ನೊಂದು ಬಂತು. ಅದನ್ನು ಹದಿಮೂರು ವರ್ಷದ ತಮ್ಮನ ಕುತ್ತಿಗೆಗೆ ನೇತುಹಾಕಿ, ಬೆನ್ನ ಹಿಂದೆ ಕೂರಿಸಿಕೊಂಡು ಹೇಳಿದ:

"ಕಣ್ಣು ಭಟ್ರ ಕೈ ಮೇಲೆ. ಕಿವಿ ಡೋಲಿನ ಮೇಲೆ. ಬಾಯಿ ಮಾತ್ರ ನಿನ್ನದು. ಗೊತ್ತಾಯ್ತಾ?"

ವಾದ್ಯದವರ ಕೆಲಸ ನುಡಿಸುವುದು ಎಂದು ಹೊರಗಿನವರು ತಿಳಿದಿರುತ್ತಾರೆ. ಮದುವೆಯಲ್ಲಿ ಅರ್ಧ ಕೆಲಸ ನೋಡುವುದು. ಧಾರೆಯ ಹೊತ್ತಿಗೆ ಭಟ್ಟರು ಮಂತ್ರ ನಿಲ್ಲಿಸುವುದಿಲ್ಲ, ಕೂಗಿ ಹೇಳುವುದಿಲ್ಲ, ಬಲಗೈ ಒಂದು ಸಲ ಮೇಲೆ ಎತ್ತುತ್ತಾರೆ. ಅಷ್ಟೇ. ಆ ಕೈ ಎದ್ದ ಗಳಿಗೆಯಲ್ಲಿ ಮುಂದೆ ಕೂತ ಸ್ಯಾಕ್ಸೋಫೋನಿನವನು ತಲೆ ಆಡಿಸಬೇಕು. ಅವನ ತಲೆ ಆಡದೆ ಡೋಲಿನವನು ಕೋಲು ಎತ್ತುವ ಹಾಗಿಲ್ಲ. ತಲೆ ಆಡಿತೋ, ಎಲ್ಲ ವಾದ್ಯ ಒಟ್ಟಿಗೆ ಬಿರುಸಿನಿಂದ ಬೀಳಬೇಕು. ಅದು ಗಟ್ಟಿಮೇಳ. ಮದುವೆ ಹಾಲಿನಲ್ಲಿ ಯಾರಾದರೂ ಸೀನಿದರೂ, ಕೆಟ್ಟ ಮಾತಾಡಿದರೂ ಮದುಮಕ್ಕಳ ಕಿವಿಗೆ ಬೀಳಬಾರದು, ಅದಕ್ಕೇ ಇರುವುದು.

ಹುಡುಗ ಪುರಂದರ ಒಮ್ಮೆ ನೊಣ ಓಡಿಸಲಿಕ್ಕೆ ಕಣ್ಣು ತಿರುಗಿಸಿದ್ದಕ್ಕೆ ಲೋಕಯ್ಯ ಊಟದ ಪಂಕ್ತಿಯಲ್ಲೇ ಬೈದ. "ನೊಣ ನಿನ್ನ ಮಾವನ ಮಗನಾ? ಕೂತರೆ ಕೂತುಕೊಳ್ಲಿ." ಬಡಿಸುವವರೆಲ್ಲ ನಕ್ಕರು.

ಇಂಥ ಪುರಂದರ ಶಾಲೆಯ ಕಲೋತ್ಸವದಲ್ಲಿ ಗೆದ್ದ. ಅರ್ಜಿಯಲ್ಲಿ ಸ್ಯಾಕ್ಸೋಫೋನಿಗೆ ಜಾಗವೇ ಇರಲಿಲ್ಲ, ಮಾಸ್ಟ್ರು ಕ್ಲಾರಿನೆಟ್ ಎಂದು ಬರೆದು ದಾಟಿಸಿದ್ದರು. ಅಲ್ಲಿಂದ ಸಂಗೀತ ಕಾಲೇಜು, ಎಂ.ಎ., ಮತ್ತೆ ಡಾಕ್ಟರೇಟು. ಸಂಗೀತ ಕಚೇರಿಯ ವೇದಿಕೆಯಲ್ಲಿ ಭಟ್ಟರ ಕೈ ಇಲ್ಲ. ಅಲ್ಲಿ ಕಣ್ಣು ಮುಚ್ಚಬಹುದು. ಮುಚ್ಚಿದರೆ ಜನ ಇನ್ನೂ ಮೆಚ್ಚುತ್ತಾರೆ. ಪುರಂದರನೂ ಮುಚ್ಚಿದ. ಮುಚ್ಚಿದ ಮೇಲೆ ರಾಗ ನಿಜವಾಗಿಯೂ ಬೇರೆ ಥರ ಕಾಣಿಸಿತು, ಅದರಲ್ಲಿ ಸುಳ್ಳಿಲ್ಲ. ಸುಳ್ಳು ಇದ್ದದ್ದು ಆಮೇಲಿನದ್ದರಲ್ಲಿ. ತನ್ನ ಪರಿಚಯ ಬರೆದುಕೊಡುವಾಗ 'ದೇವಸ್ಥಾನದ ವಾದ್ಯ ಪರಂಪರೆ' ಎಂದು ಬರೆಯುತ್ತಿದ್ದ. ಹನ್ನೊಂದು ವರ್ಷ ಮದುವೆ ಹಾಲುಗಳಲ್ಲಿ ಅಣ್ಣನ ಬೆನ್ನ ಹಿಂದೆ ಕೂತದ್ದನ್ನು ಎಲ್ಲಿಯೂ ಬರೆಯಲಿಲ್ಲ.

ಕೆಲಸ ಸಿಕ್ಕಿ ಹದಿನಾರನೇ ವರ್ಷ ಅವನ ಕ್ಲಾಸಿಗೆ ತುಷಾರ್ ಎಂಬ ಹುಡುಗ ಸೇರಿದ. ಸೀತಾಂಗೋಳಿಯವನು, ವಾದ್ಯದವರ ಮನೆಯವನೇ. ರಜೆಯಲ್ಲಿ ಲೋಕಯ್ಯನ ಸೆಟ್ಟಿನಲ್ಲಿ ನುಡಿಸುತ್ತಿದ್ದ. ಕೈ ಚೆನ್ನಾಗಿತ್ತು. ಆದರೆ ನುಡಿಸುವಾಗ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದ, ಕಣ್ಣು ಕ್ಲಾಸೆಲ್ಲ ಸುತ್ತುತ್ತಿತ್ತು. ಪುರಂದರನಿಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಯಾಕೆ ಉರಿಯುತ್ತಿತ್ತು ಎಂದು ಆಗ ಯೋಚಿಸಲಿಲ್ಲ.

"ಎಂತ ತುಷಾರ್, ಬಾಳೆಲೆ ಎಲ್ಲಿ ಹಾಕಿದ್ದಾರೆ ಅಂತ ನೋಡ್ತಿದ್ದೀಯಾ?" ಎಂದು ಒಂದು ದಿನ ಕೇಳಿದ. ಕ್ಲಾಸು ನಕ್ಕಿತು. ಇನ್ನೊಂದು ದಿನ, ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರ ಎದುರಿಗೆ, ತನ್ನ ಕಿಸೆಯಿಂದ ಕರ್ಚೀಫು ತೆಗೆದು ಅವನ ಕಣ್ಣಿಗೆ ಕಟ್ಟಿದ. "ಈಗ ನುಡಿಸು. ಮದುವೆ ಹಾಲಿನಿಂದ ಹೊರಗೆ ಬಾ." ತುಷಾರ್ ನುಡಿಸಿದ. ಅರ್ಧದಲ್ಲಿ ಶ್ರುತಿ ಬಿಟ್ಟಿತು. ಕರ್ಚೀಫು ಬಿಚ್ಚಿ, ಮಡಿಸಿ, ಮೇಜಿನ ಮೇಲಿಟ್ಟು ಹೋದವನು ಮುಂದಿನ ಸೆಮಿಸ್ಟರಿಗೆ ಬರಲಿಲ್ಲ.

ಬರಲಿಲ್ಲವಲ್ಲ ಎಂದು ಒಂದು ಫೋನು ಮಾಡಿದನಾ ಪುರಂದರ? ಇಲ್ಲ. ಆ ಕರ್ಚೀಫಿನ ಕಥೆಯನ್ನು ತಮಾಷೆ ಮಾಡಿ ಮುಂದಿನ ಹತ್ತು ಬ್ಯಾಚಿಗೆ ಹೇಳಿದ. ಆ ಸುದ್ದಿ ಬದಿಯಡ್ಕಕ್ಕೂ ಮುಟ್ಟಿತ್ತು. ಲೋಕಯ್ಯ ಅದಕ್ಕೂ ಫೋನಿನಲ್ಲಿ ಬೈದಿದ್ದ. "ಅವನ ಕಣ್ಣು ಕಟ್ಟಿದ್ದಲ್ಲ ನೀನು, ನನ್ನದು ಕಟ್ಟಿದ್ದು." ಪುರಂದರ "ಅಣ್ಣ, ಇದು ಅಕಾಡೆಮಿಕ್ ವಿಷಯ" ಎಂದು ಫೋನಿಟ್ಟಿದ್ದ. ಎಂಥ ಮಾತು.

ಮೊನ್ನೆ ಮೊನ್ನೆ ರಿಟೈರ್ ಆಗಿ ಸೀತಾಂಗೋಳಿಯಲ್ಲಿ ಕಟ್ಟಿಸಿದ ಮನೆಗೆ ಬಂದು ಕೂತ. ಅದೇ ಹೊತ್ತಿಗೆ ಲೋಕಯ್ಯನಿಗೆ ವಾತ ಬಡಿದು ಬಾಯಿ ಎಡಕ್ಕೆ ಎಳೆದುಕೊಂಡಿತು. ಮಾತು ಬರುತ್ತದೆ, ತೊದಲುತ್ತದೆ. ತುಟಿಯಲ್ಲಿ ರೀಡ್ ನಿಲ್ಲುವುದಿಲ್ಲ. ಸೆಟ್ಟನ್ನು ತುಷಾರ್ ನಡೆಸುತ್ತಿದ್ದ, ಅವನಿಗೆ ಈಗ ಮೂವತ್ತನಾಲ್ಕು ವರ್ಷ. ಲೋಕಯ್ಯನ ಒಬ್ಬಳೇ ಮಗಳು ಪೂಜಾಶ್ರೀಗೆ ಮೇ ತಿಂಗಳಿಗೆ ಮದುವೆ ಗಟ್ಟಿಯಾಯಿತು.

ವಾದ್ಯದವರ ಮನೆ ಮದುವೆಗೆ ಈ ಕಡೆಯ ಎಲ್ಲ ಸೆಟ್ಟಿನವರೂ ಕರೆಯದೆ ಬಂದು ನುಡಿಸುತ್ತಾರೆ. ಮುಂದಿನ ಜಾಗ ಮಾತ್ರ ಮನೆಯವರದ್ದು. ಹೆಣ್ಣಿನ ಅಪ್ಪ ಧಾರೆ ಎರೆಯಬೇಕು, ಅವನು ಹೇಗೂ ನುಡಿಸುವ ಹಾಗಿಲ್ಲ. ಹಾಗಾಗಿ ಆ ಜಾಗ ಚಿಕ್ಕಪ್ಪನಿಗೆ. ಲೋಕಯ್ಯ ಮದುವೆಯ ಕಾಗದದಲ್ಲೇ ಅಚ್ಚು ಹಾಕಿಸಿದ: 'ಪ್ರೊಫೆಸರ್ ಡಾ. ಪುರಂದರ ಅವರಿಂದ ಸ್ಯಾಕ್ಸೋಫೋನ್ ವಾದನ.' ಅದನ್ನು ಪಂಚಾಯತು ಆಫೀಸಿನವರಿಗೂ, ಬಸ್ಸಿನ ಕಂಡಕ್ಟರನಿಗೂ ಕೊಟ್ಟ. "ನನ್ನ ತಮ್ಮ" ಎಂದು ತೊದಲಿ ತೊದಲಿ ಬೆರಳಿಟ್ಟು ತೋರಿಸಿದ. ಇದೊಂದು ನೆನಪಾದರೆ ಪುರಂದರನಿಗೆ ಈಗಲೂ ಊಟ ಸೇರುವುದಿಲ್ಲ.

ಮದುವೆಯ ದಿನ ಬೆಳಿಗ್ಗೆ ಪುರಂದರ ಹಾಲಿಗೆ ಬಂದವನೇ ಮೈಕಿನ ಕೋಯನನ್ನು ಕರೆದ. ಕೋಯ ಮಂಗಲ್ಪಾಡಿಯ ಬ್ಯಾರಿ, ಲೋಕಯ್ಯನ ಮದುವೆಗಳಿಗೆ ಮೂವತ್ತು ವರ್ಷದಿಂದ ಮೈಕ್ ಹಾಕುವವನು.

"ಎರಡು ಮೈಕ್ ಬೇಕು ನನಗೆ. ಒಂದು ವಾದ್ಯಕ್ಕೆ, ಇನ್ನೊಂದು ಮಾತಾಡಲಿಕ್ಕೆ."

"ಮಾತಾಡಲಿಕ್ಕೆ ಎಂತಕ್ಕೆ ಮಾಸ್ಟ್ರೇ?"

"ರಾಗದ ಹೆಸರು ಹೇಳುವುದು ಬೇಡವಾ? ಜನರಿಗೆ ತಿಳುವಳಿಕೆ ಬರ್ಲಿ."

ಕೋಯ ತಲೆ ಕೆರೆದುಕೊಂಡ. "ಭಟ್ರಿಗೇ ನಾನು ಮೈಕ್ ಕೊಡುವುದಿಲ್ಲ ಮಾರಾಯ್ರೆ. ಮದುವೆಯಲ್ಲಿ ಮಾತು ಹೆಚ್ಚಾದರೆ ಜಗಳ ಆಗ್ತದೆ. ಆಯ್ತು, ಇಡ್ತೇನೆ."

ಮುಂದೆ ಪುರಂದರ. ಹಿಂದೆ ಬೇರೆ ಬೇರೆ ಸೆಟ್ಟಿನ ಏಳು ಮಂದಿ, ಇಬ್ಬರು ಡೋಲಿನವರು. ಪುರಂದರನ ಬಲಕ್ಕೆ ಎರಡನೇ ಸ್ಯಾಕ್ಸೋಫೋನಿಗೆ ತುಷಾರ್. ಮುಖ ನೋಡಿ ಪುರಂದರ ಬರೀ ತಲೆ ಅಲ್ಲಾಡಿಸಿದ. ತುಷಾರ್ ಕೈ ಮುಗಿದ. ಕೂರುವ ಮೊದಲು ಒಂದೇ ಮಾತು ಹೇಳಿದ: "ಸರ್, ಗಣೇಶಪ್ರಸಾದ ಭಟ್ರು ಕೈ ಎತ್ತುವುದು ಸ್ವಲ್ಪ, ಭುಜದವರೆಗೆ ಮಾತ್ರ. ನೋಡ್ತಾ ಇರಬೇಕು."

"ನನಗೆ ಗೊತ್ತುಂಟು" ಎಂದ ಪುರಂದರ.

ಗೊತ್ತಿತ್ತು, ಇಲ್ಲವೆಂದಲ್ಲ. ಹನ್ನೊಂದು ವರ್ಷ ನೋಡಿದ ಕೈ ಅದು. ಆದರೆ ಹಾಲಿನಲ್ಲಿ ಜನ ತುಂಬಿದ್ದರು, ಎದುರಿನ ಸಾಲಿನಲ್ಲಿ ಕೆಲವರು ಅವನಿಗಾಗಿಯೇ ಬಂದು ಕೂತಿದ್ದರು. ಮೈಕಿನಲ್ಲಿ "ಈಗ ಕಾಂಬೋಧಿ" ಎಂದು ಹೇಳಿ ಆಲಾಪನೆ ಎತ್ತಿದ. ಒಳ್ಳೆಯದೇ ಬಂತು. ಬರಬರುತ್ತ ಇನ್ನೂ ಒಳ್ಳೆಯದು ಬಂತು. ಅಭ್ಯಾಸ ಬಿಡುತ್ತದಾ, ಕಣ್ಣು ಮುಚ್ಚಿದ.

ಮಂಟಪದಲ್ಲಿ ಮದುಮಕ್ಕಳ ಕೈ ಕೂಡಿಸಿದರು. ಲೋಕಯ್ಯ ಗಿಂಡಿ ಹಿಡಿದ. ಭಟ್ಟರ ಕೈ ಭುಜದವರೆಗೆ ಎದ್ದಿತು. ಡೋಲಿನವರಿಬ್ಬರೂ ಕೋಲು ಹಿಡಿದು ಪುರಂದರನ ತಲೆಯನ್ನೇ ನೋಡಿದರು. ಆ ತಲೆ ತಾರಷಡ್ಜದ ಗುಂಗಿನಲ್ಲಿ ಸುಮ್ಮನೆ ತೂಗುತ್ತಿತ್ತು. ಭಟ್ಟರ ಕೈ ಇನ್ನೊಮ್ಮೆ ಎದ್ದಿತು, ಈ ಸಲ ಕಿವಿಯವರೆಗೆ. ಲೋಕಯ್ಯ ಗಿಂಡಿ ಬಾಗಿಸಿದ, ನೀರು ಬಿದ್ದಿತು. ಎರಡೂ ಕೈಯಲ್ಲಿ ಗಿಂಡಿ, ಬಾಯಲ್ಲಿ ಕೂಗಲಿಕ್ಕೆ ಬಲ ಇಲ್ಲ. ತಮ್ಮನ ಕಡೆಗೆ ತಿರುಗಿ ನೋಡಿದ. ಮಗಳ ಧಾರೆ, ವಾದ್ಯದವನ ಮಗಳ ಧಾರೆ, ಗಟ್ಟಿಮೇಳ ಇಲ್ಲದೆ ಬೀಳುತ್ತಿತ್ತು.

ಆಗ ತುಷಾರ್ ತಲೆ ಆಡಿಸಿ ಗಟ್ಟಿಮೇಳ ಎತ್ತಿಕೊಂಡ. ಡೋಲಿನವರು ಅವನ ತಲೆ ನೋಡಿ ಹೊಡೆದರು.

ಪುರಂದರ ಬೆಚ್ಚಿ ಕಣ್ಣು ಬಿಟ್ಟ. ಅವನಿಗೆ ಕಂಡದ್ದು ಭಟ್ಟರಲ್ಲ, ಗಿಂಡಿಯಲ್ಲ. ತನ್ನ ರಾಗದ ಮೇಲೆ ಬಿದ್ದ ತುಷಾರ್ ಮಾತ್ರ. ಕೈ ಚಾಚಿ ಅವನ ವಾದ್ಯದ ಬಾಯಿಯನ್ನು ಆಚೆ ದೂಡಿದ. ದೂಡಿದ್ದು ಸಾಲದೆಂದು ಹೇಳಿದ:

"ನಿಲ್ಸು."

ಮಾತಾಡುವ ಮೈಕ್ ಅವನ ಬಾಯಿಯ ಹತ್ತಿರವೇ ಇತ್ತು. ಹಾಲಿನ ನಾಲ್ಕು ಮೂಲೆಯ ಸ್ಪೀಕರು ಪೆಟ್ಟಿಗೆಯಿಂದ, ಹೊರಗೆ ಅಡುಗೆಯವರಿಗೆ ಕೇಳಲೆಂದು ಕಟ್ಟಿದ ಕೊಳವೆಯಿಂದ, ಎಲ್ಲ ಕಡೆಯಿಂದ ಅದು ಬಂತು. ವಾದ್ಯದವರು ನಿಜಕ್ಕೂ ನಿಲ್ಲಿಸಿಬಿಟ್ಟರು. ಧಾರೆಯ ನೀರು ತಟ್ಟೆಗೆ ಬೀಳುವ ಸದ್ದು ಹಿಂದಿನ ಸಾಲಿನವರಿಗೂ ಕೇಳಿಸಿತು. ಮದುಮಗಳು ತಲೆ ಎತ್ತಿ ಚಿಕ್ಕಪ್ಪನನ್ನು ನೋಡಿದಳು.

ಆಮೇಲೆ ಗಟ್ಟಿಮೇಳ ಆಯಿತು, ತುಷಾರನೇ ಮಾಡಿದ. ಮದುಮಗನ ಅಜ್ಜಿ ಇನ್ನೊಮ್ಮೆ ಧಾರೆ ಎರೆಯಬೇಕು ಎಂದು ಹಠ ಹಿಡಿದರು, ಧಾರೆಯ ಹೊತ್ತಿಗೆ ನಿಲ್ಸು ಎಂಬ ಮಾತು ಬಿದ್ದದ್ದು ಒಳ್ಳೆಯದಲ್ಲ ಎಂದರು. ಗಣೇಶಪ್ರಸಾದ ಭಟ್ಟರು "ಮಂತ್ರ ನಿಂತಿಲ್ಲ ಅಮ್ಮ, ವಾದ್ಯ ಮಾತ್ರ ನಿಂತದ್ದು. ಶಾಸ್ತ್ರಕ್ಕೆ ಕುಂದಿಲ್ಲ" ಎಂದು ಸಮಾಧಾನ ಮಾಡಿದರು. ಅಜ್ಜಿ ಕೂತರು. ಪುರಂದರ ವಾದ್ಯ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ. ಎದ್ದು ಹೋಗಲಿಕ್ಕೂ ಮುಖ ಇರಲಿಲ್ಲ.

ಕೋಯ ವಯರು ಸುತ್ತುತ್ತ ಹತ್ತಿರ ಬಂದ. "ತಪ್ಪು ನನ್ನದು ಮಾಸ್ಟ್ರೇ. ಆ ಮೈಕ್ ನಾನು ಆಫ್ ಮಾಡಬೇಕಿತ್ತು. ಯಾರಾದರೂ ಕೇಳಿದರೆ ಕೋಯ ಮರೆತ ಅಂತ ಹೇಳಿ."

ಮೈಕಿನವನು ತನ್ನ ತಪ್ಪನ್ನು ಹೊರಲಿಕ್ಕೆ ಬಂದದ್ದು ಪುರಂದರನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಊಟಕ್ಕೆ ಕೂತಾಗ ಲೋಕಯ್ಯ ಪಂಕ್ತಿಯಲ್ಲಿ ಬಂದ. ಪುರಂದರ ಎಲೆ ನೋಡುತ್ತ ಕಾದ. ಈಗ ಬೈಯುತ್ತಾನೆ, ಎಲ್ಲರ ಎದುರಿಗೆ, ಆ ನೊಣದ ದಿನದ ಹಾಗೆ. ಬೈದರೆ ತಲೆ ತಗ್ಗಿಸಿ ತಿಂದುಬಿಡುತ್ತೇನೆ.

"ಪಾಯಸ ಹಾಕಿಸಿಕೊ" ಎಂದ ಲೋಕಯ್ಯ. ಮುಂದಿನ ಎಲೆಗೆ ಹೋದ.

ಹಾಗೆ ಶುರುವಾದದ್ದು ಮಳೆಗಾಲದ ಆಟಿ ತಿಂಗಳು ಕಳೆಯುವವರೆಗೂ ನಡೆಯಿತು. ಆಟಿಯಲ್ಲಿ ಮದುವೆ ಇಲ್ಲ, ವಾದ್ಯದವರಿಗೆ ಕೆಲಸವೂ ಇಲ್ಲ. ಪುರಂದರ ಬದಿಯಡ್ಕಕ್ಕೆ ಹೋಗಿ ಅಣ್ಣನ ಎದುರು ಕೂರುತ್ತಿದ್ದ. ಒಂದು ದಿನ ತಡೆಯಲಾರದೆ ಬಾಯಿಬಿಟ್ಟ.

"ಅಣ್ಣ, ನನಗೆ ಎರಡು ಬೈದುಬಿಡು."

ಲೋಕಯ್ಯ ಎಳೆದ ಬಾಯಿಯನ್ನು ಟವೆಲಿನಿಂದ ಒರೆಸಿಕೊಂಡ. "ನಿನಗೆ ಯಾಕೆ ಬೈಲಿ? ನೀನು ಕಚೇರಿಯವನು. ನನ್ನ ಸೆಟ್ಟಿನವನಾ?"

"ಸೆಟ್ಟಿಗೆ ಸೇರ್ತೇನೆ."

"ಸೆಟ್ಟು ಈಗ ನನ್ನದಲ್ಲ. ತುಷಾರನದ್ದು. ಅವನನ್ನು ಕೇಳು."

ಕೇಳು ಎಂದರೆ ಸುಲಭವಾ? ತುಷಾರ್ ಹಗಲು ಸೀತಾಂಗೋಳಿಯ ಅಲ್ಯೂಮಿನಿಯಂ ಕಿಟಕಿ ಬಾಗಿಲು ಮಾಡುವ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಪುರಂದರನ ಮನೆಯಿಂದ ಹತ್ತು ನಿಮಿಷದ ನಡಿಗೆ. ಬಸ್‌ಸ್ಟ್ಯಾಂಡಿಗೆ ಹೋಗುವಾಗೆಲ್ಲ ಅದರ ಎದುರಿನಿಂದಲೇ ಹೋಗಿದ್ದ, ಒಳಗೆ ಯಾರಿದ್ದಾರೆಂದು ಒಂದು ದಿನ ತಿರುಗಿ ನೋಡಿರಲಿಲ್ಲ. ಮೊದಲ ದಿನ ಗೇಟಿನವರೆಗೆ ಹೋಗಿ ಹಿಂದೆ ಬಂದ. ಎರಡನೇ ದಿನ ಕಟ್ಟಿಂಗ್ ಮೆಶಿನಿನ ಸದ್ದು ಇದೆ ಎಂದು ತನಗೆ ತಾನೇ ಸಬೂಬು ಹೇಳಿ ಹಿಂದೆ ಬಂದ. ಮೂರನೇ ದಿನ ತುಷಾರನೇ ಹೊರಗೆ ಬಂದ, ಚಿಂದಿ ಬಟ್ಟೆಯಲ್ಲಿ ಕೈ ಒರೆಸುತ್ತ.

"ಸರ್, ಮೂರು ದಿನದಿಂದ ನೋಡ್ತಿದ್ದೇನೆ. ಕಿಟಕಿ ಬೇಕಿತ್ತಾ?"

ಕಣ್ಣು ಬಿಟ್ಟುಕೊಂಡಿರುವವನಿಗೆ ಎಲ್ಲ ಕಾಣುತ್ತದೆ. ಪುರಂದರ ಆ ಚಿಂದಿಯನ್ನೇ ನೋಡಿದ. "ಆ ದಿನ ಕರ್ಚೀಫು ಕಟ್ಟಿದ್ದು ನನ್ನ ತಪ್ಪು" ಎಂದ. ಎಷ್ಟೋ ಮಾತು ತಯಾರು ಮಾಡಿಕೊಂಡು ಬಂದಿದ್ದ, ಬಂದದ್ದು ಅಷ್ಟೇ.

"ಹೌದು ಸರ್. ತಪ್ಪೇ."

"ಅದನ್ನು ಕಥೆ ಮಾಡಿ ಹೇಳಿಕೊಂಡು ತಿರುಗಿದೆ ನಾನು."

"ಅದೂ ಗೊತ್ತುಂಟು. ನಿಮ್ಮ ಸ್ಟೂಡೆಂಟ್ ಒಬ್ಬ ನನಗೇ ಹೇಳಿದ, ಅದು ನಾನೇ ಅಂತ ಗೊತ್ತಿಲ್ಲದೆ." ತುಷಾರ್ ನಗಲಿಲ್ಲ. "ಅಪ್ಪ ಕೇಳಿದ್ರು, ಯಾಕೆ ಬಿಟ್ಟು ಬಂದೆ ಅಂತ. ಹಾಸ್ಟೆಲ್ ಊಟ ಸರಿ ಇಲ್ಲ ಅಂದೆ. ಅವರು ತೀರಿಹೋಗುವವರೆಗೂ ಅದನ್ನೇ ನಂಬಿದ್ರು."

ಒಳಗೆ ಮೆಶಿನ್ ಕಿರುಚಿತು, ನಿಂತಿತು. ಪುರಂದರ ಒಂದು ಹೆಜ್ಜೆ ಹತ್ತಿರ ಬಂದ.

"ಸೆಟ್ಟಿನಲ್ಲಿ ಒಂದು ಜಾಗ ಕೊಡ್ತೀಯಾ? ಹಿಂದೆ. ಎಲ್ಲಾದರೂ."

ತುಷಾರ್ ಚಿಂದಿಯನ್ನು ಹೆಗಲಿಗೆ ಹಾಕಿದ. "ನಾನು ಮರೆಯುವುದಿಲ್ಲ ಸರ್, ಅದು ಬೇರೆ. ಭಾನುವಾರ ಉಪ್ಪಳದಲ್ಲಿ ಮದುವೆ ಉಂಟು. ಏಳೂವರೆಗೆ ಹಾಲಿನಲ್ಲಿರಬೇಕು. ಬಿಳಿ ಶರ್ಟು, ಬಿಳಿ ಮುಂಡು. ನಿಮಗೆ ಶ್ರುತಿ. ಒಂದೇ ಸ್ವರ ಹಿಡಿದು ಕೂರುವುದು, ಬೇರೆ ಎಂತದೂ ಇಲ್ಲ. ಆಗ್ತದಾ?"

"ಆಗ್ತದೆ."

"ಮೈಕ್ ಇಲ್ಲ" ಎಂದ ತುಷಾರ್. ಆಗ ಮಾತ್ರ ಅವನ ಬಾಯಿಯ ಮೂಲೆ ಸ್ವಲ್ಪ ಅಲ್ಲಾಡಿತು.

ಭಾನುವಾರ ಪುರಂದರ ಏಳು ಗಂಟೆಗೇ ಹೋಗಿ ಕೂತ. ಕೋಯ ಅವನನ್ನು ಹಿಂದಿನ ಸಾಲಿನಲ್ಲಿ ನೋಡಿ ಒಂದು ಮಾತು ಕೇಳದೆ, ತನ್ನ ಫ್ಲಾಸ್ಕಿನ ಚಾ ಅರ್ಧ ಲೋಟ ಕೊಟ್ಟ. ಮದುವೆಗೆ ಬಂದವರಲ್ಲಿ ಇಬ್ಬರು ಮೂವರಿಗೆ ಗುರುತು ಸಿಕ್ಕಿತು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ "ಅದೇ, ನಿಲ್ಸು ಹೇಳಿದವರು" ಎಂದದ್ದು ಅವನಿಗೆ ಕೇಳಿಸಿತು. ಮುಖ ಕೆಳಗೆ ಹಾಕುವ ಹಾಗಿರಲಿಲ್ಲ. ಹಾಕಿದರೆ ಭಟ್ಟರ ಕೈ ಕಾಣುವುದಿಲ್ಲ. ಹಾಗಾಗಿ ಕತ್ತು ನೆಟ್ಟಗೆ ಇಟ್ಟುಕೊಂಡೇ ನಾಚಿಕೆ ಪಟ್ಟ.

ಷಡ್ಜ ಹಿಡಿದ. ಒಂದೇ ಸ್ವರ, ಉಸಿರು ಮುಗಿಯುವ ಮೊದಲು ಕದ್ದು ಉಸಿರೆಳೆದು ಮತ್ತೆ ಅದೇ ಸ್ವರ. ಕಣ್ಣು ಮುಚ್ಚಲಿಕ್ಕೆ ಹೋಗುತ್ತಿತ್ತು, ಎಳೆದು ಬಿಡಿಸಿದ. ಕಣ್ಣು ಉರಿದು ನೀರು ಬಂತು. ಎದುರಿನ ಕುರ್ಚಿಗಳಲ್ಲಿ ಮೂರನೇ ಸಾಲಿನಲ್ಲಿ ಲೋಕಯ್ಯ ಬಂದು ಕೂತದ್ದು ಆಗ ಕಂಡಿತು. ಬರುತ್ತೇನೆಂದು ಹೇಳಿರಲಿಲ್ಲ.

ಭಟ್ಟರ ಕೈ ಎದ್ದಿತು. ಪುರಂದರನ ತಲೆ ತಾನಾಗಿ ಮುಂದೆ ಹೋಯಿತು. ತುಷಾರ್ ಅಲ್ಲಾಡಲಿಲ್ಲ. ಭಟ್ಟರು ಶಾಲು ಸರಿಮಾಡಿಕೊಂಡು ಕೈ ಇಳಿಸಿದರು. ಮುಂದೆ ಕೂತಿದ್ದರೆ ಇವತ್ತು ಮೊದಲೇ ಹೊಡೆಸಿ ಇನ್ನೊಂದು ಮದುವೆ ಕೆಡಿಸುತ್ತಿದ್ದೆ ಎಂದು ಪುರಂದರನಿಗೆ ತಿಳಿಯಿತು. ಕೈಯನ್ನು ನೋಡಿದರೆ ಸಾಲದು, ಯಾವ ಕೈ ಎಂದು ಗೊತ್ತಾಗಬೇಕು. ಅದನ್ನು ಹದಿಮೂರನೇ ವರ್ಷದಲ್ಲಿ ಕಲಿತು ನಲುವತ್ತನೇ ವರ್ಷದೊಳಗೆ ಮರೆತಿದ್ದ, ಬೇರೆಯವರಿಂದಲೂ ಮರೆಸಿದ್ದ.

ಕೈ ಮತ್ತೆ ಎದ್ದಿತು. ತುಷಾರನ ತಲೆ ಆಡಿತು. ಗಟ್ಟಿಮೇಳ ಬಿದ್ದಿತು. ಅದರ ಅಡಿಯಲ್ಲಿ ಪುರಂದರನ ಷಡ್ಜ ಯಾರಿಗೂ ಕೇಳಲಿಲ್ಲ, ಅವನಿಗೂ ಕೇಳಲಿಲ್ಲ. ಬಿಡಲಿಲ್ಲ.

ಊಟಕ್ಕೆ ವಾದ್ಯದವರೆಲ್ಲ ಒಂದೇ ಸಾಲಿನಲ್ಲಿ ಕೂತರು. ಪುರಂದರ ಕೊನೆಯ ಎಲೆಗೆ. ಲೋಕಯ್ಯ ಗೋಡೆ ಹಿಡಿದುಕೊಂಡು ಬಂದು ಅವನ ಎದುರು ನಿಂತ. ಬಾಯಿ ಒಂದೆರಡು ಸಲ ಸುಮ್ಮನೆ ಅಲ್ಲಾಡಿತು, ಆಮೇಲೆ ಮಾತು ಬಂತು.

"ಧಾರೆಗಿಂತ ಮೊದಲು ಶ್ರುತಿ ಇಳೀತು. ಬೆಳಿಗ್ಗೆ ಎಂತದೂ ತಿಂದು ಬರಲಿಲ್ವಾ? ಉಸಿರೇ ಇಲ್ಲ. ಪ್ರೊಫೆಸರ್ ಅಂತೆ. ಶ್ರುತಿ ಹಿಡಿಯಲಿಕ್ಕೆ ಬರುವುದಿಲ್ಲ."

ಬಡಿಸುವವರು ನಿಂತು ನೋಡಿದರು. ಡೋಲಿನವನೊಬ್ಬ ಅನ್ನದೊಳಗೆ ನಕ್ಕ. ತುಷಾರ್ ತಲೆ ಎತ್ತದೆ ಉಂಡ.

"ಹೌದಣ್ಣ" ಎಂದ ಪುರಂದರ. ಕಿವಿಯವರೆಗೂ ಬಿಸಿಯಾಗಿತ್ತು. ಎಲೆಯ ತುದಿಯಲ್ಲಿ ಒಂದು ನೊಣ ಕೂತಿತ್ತು, ಅದನ್ನು ಓಡಿಸಲಿಲ್ಲ.